ಮುಹರ್ರಕ್ಕಿನ ಬೆಚ್ಚನೆಯ ನೆಲ

ಬೀಸಣಿಗೆ ತಂದವಳು

ಅರಬರ ದೇಶಕ್ಕೆ ಹೋಗಿ ಚಳಿಯಲ್ಲಿ ನಡುಗಿ ಬಂದೆ ಎಂದರೆ ಪಡುಬಿದ್ರಿಯಲ್ಲಿ ಈಗಲೂ ಯಾರೂ ನಂಬುವುದಿಲ್ಲ. ಹೋಗುವ ಮೊದಲು ನಾನೂ ನಂಬುತ್ತಿರಲಿಲ್ಲ. ಪೆಟ್ಟಿಗೆಗೆ ತುಂಬಿದ್ದು ಬರೀ ನೂಲಿನ ಸೀರೆಗಳು, ಒಂದು ಬೀಸಣಿಗೆ, ಬೆವರುಸಾಲೆಗೆಂದು ಒಂದು ಡಬ್ಬಿ ಪೌಡರು. ನೆರೆಮನೆಯಾಕೆ ಉಣ್ಣೆಯ ಶಾಲು ಕೊಡಲು ಬಂದಾಗ, "ನಾನು ಹೋಗ್ತಿರುವುದು ಬಹರೈನಿಗೆ ಮಾರಾಯ್ತಿ, ಕಾಶ್ಮೀರಕ್ಕಲ್ಲ" ಎಂದು ನಕ್ಕು ವಾಪಸು ಕಳಿಸಿದ್ದೆ.

ಎಂಬತ್ತರ ದಶಕದ ಆರಂಭದ ಒಂದು ಡಿಸೆಂಬರ್ ಸಂಜೆ ಬೊಂಬಾಯಿಯ ವಿಮಾನ ನನ್ನನ್ನು ಮುಹರ್ರಕ್ ದ್ವೀಪದಲ್ಲಿ ಇಳಿಸಿತು. ಮೆಟ್ಟಿಲ ಮೇಲೆ ಕಾಲಿಟ್ಟದ್ದೇ ತಡ, ಕಡಲ ಕಡೆಯಿಂದ ಒಂದು ಒದ್ದೆ ಗಾಳಿ ಬಂದು ನೂಲಿನ ಸೀರೆಯೊಳಗೆ ಹೊಕ್ಕು, ಮೂಳೆಯವರೆಗೆ ಹೋಗಿ ಕೂತುಬಿಟ್ಟಿತು. ಹೊರಗೆ ನನ್ನ ತಮ್ಮ ವಿಠಲ ಒಂದರ ಮೇಲೊಂದು ಎರಡು ಸ್ವೆಟರು ತೊಟ್ಟು ನಿಂತಿದ್ದ. ಯಾಕಪ್ಪಾ ಈ ವೇಷ ಎಂದು ಕೇಳಬೇಕೆಂದರೆ ನನ್ನ ಹಲ್ಲುಗಳು ಕಟಕಟ ಎನ್ನುತ್ತಿದ್ದವು. ಅವನು ಮೇಲಿನ ಸ್ವೆಟರು ಕಳಚಿ ನನಗೆ ತೊಡಿಸಿದ.

"ಎರಡು ಯಾಕೆ ಹಾಕಿದ್ದು ಅಂತ ಗೊತ್ತಾಯ್ತಲ್ಲ ಅಕ್ಕ? ನೀನು ಶಾಲು ತರುವುದಿಲ್ಲ ಅಂತ ನನಗೆ ಗೊತ್ತಿತ್ತು."

ವಿಠಲ ನನ್ನ ಕೊನೆಯ ತಮ್ಮ. ಅಮ್ಮ ಹೋದಾಗ ಅವನಿಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ; ಎತ್ತಿ ಆಡಿಸಿದವಳೂ ನಾನೇ, ಬೆನ್ನಿಗೆ ಬಾರಿಸಿದವಳೂ ನಾನೇ. ನಾನು ಊರಿನ ಹೈಸ್ಕೂಲಿನಲ್ಲಿ ಹಿಂದಿ ಟೀಚರಾಗಿದ್ದರೂ ಅವನ ತಲೆಗೆ ಹಿಂದಿಯಾಗಲಿ ಗಣಿತವಾಗಲಿ ಹತ್ತಲಿಲ್ಲ. ಪೈಪು ಜೋಡಿಸುವುದು ಹತ್ತಿತು. ಬೊಂಬಾಯಿಯಲ್ಲಿ ಕಲಿತ, ಬಹರೈನಿಗೆ ಬಂದ. ನಾನು ನಿವೃತ್ತಳಾದ ಮೇಲೆ ಟಿಕೆಟು ಕಳಿಸಿ, ಒಮ್ಮೆ ಬಂದು ನನ್ನ ಕೆಲಸ ನೋಡು ಎಂದು ಹಟ ಹಿಡಿದ. ಈ ಹಟ ಅವನಿಗೆ ಯಾರಿಂದ ಬಂತೆಂದು ಊರಲ್ಲಿ ಎಲ್ಲರಿಗೂ ಗೊತ್ತು.

ನಮ್ಮನ್ನು ಪಿಕಪ್ಪಿನಲ್ಲಿ ಕೂರಿಸಿಕೊಂಡು ಹೊರಟವನು ಹಸನಬ್ಬ, ಉಳ್ಳಾಲದ ಬ್ಯಾರಿ, ತಮ್ಮನ ಕಂಪನಿಯಲ್ಲೇ ಡ್ರೈವರು. ಇಬ್ಬರೂ ಒಂದೇ ಮನೆಯಲ್ಲಿ ಇರುವವರು. ಸಮುದ್ರದ ನಡುವಿನ ರಸ್ತೆಯಲ್ಲಿ ಮನಾಮಾದ ಕಡೆ ಗಾಡಿ ಓಡಿಸುತ್ತಾ ಅವನು ನನಗೆ ಮೊದಲ ಸುದ್ದಿ ಹೇಳಿದ.

"ಟೀಚರ್ರೆ, ನಿಮ್ಮ ತಮ್ಮ ಈಗ ಎಂತ ಮಾಡ್ತಿದ್ದಾನೆ ಗೊತ್ತುಂಟಾ? ನೆಲಕ್ಕೆ ಬಿಸಿನೀರು ಕುಡಿಸ್ತಿದ್ದಾನೆ!"

ಚಳಿಗೆ ನನ್ನ ಕಿವಿ ಮುಚ್ಚಿಹೋಗಿ ಏನೋ ತಪ್ಪು ಕೇಳಿಸಿತು ಎಂದುಕೊಂಡೆ.

ಹೂರಾದ ಉಪ್ಪು ಚಹಾ

ತಮ್ಮನ ಮನೆ ಹೂರಾದಲ್ಲಿ. ಎರಡು ಕೋಣೆಯ ಫ್ಲ್ಯಾಟು, ಕೆಳಗೆ ಮಲಯಾಳಿಯ ಹೋಟೆಲು, ಪಕ್ಕಕ್ಕೆ ಸಿಂಧಿಯ ಬಟ್ಟೆ ಅಂಗಡಿ, ಎದುರಿಗೆ ಪಾಕಿಸ್ತಾನದ ದರ್ಜಿ. ಎಲ್ಲರೂ ಎಲ್ಲರೊಂದಿಗೂ ಹಿಂದಿಯಲ್ಲೇ ಮಾತು. ನಾನು ಜೀವಮಾನವಿಡೀ ಮಕ್ಕಳ ಕಿವಿ ಹಿಂಡಿ ಕಲಿಸಿದ ಹಿಂದಿಯನ್ನು ಮಾತ್ರ ಅಲ್ಲಿ ಒಬ್ಬರೂ ಆಡುತ್ತಿರಲಿಲ್ಲ. ಆದರೂ ಯಾರಿಗೂ ಯಾವ ಕೆಲಸವೂ ನಿಲ್ಲುತ್ತಿರಲಿಲ್ಲ. ನನಗೆ ಸ್ವಲ್ಪ ಬೇಜಾರೇ ಆಯಿತು.

ಮರುದಿನ ಬೆಳಿಗ್ಗೆ ಇಬ್ಬರಿಗೂ ಚಹಾ ಮಾಡಿಕೊಟ್ಟೆ. ಇಬ್ಬರೂ ಕಮಕ್ ಕಿಮಕ್ ಎನ್ನದೆ ಕುಡಿದರು. ನನ್ನದನ್ನು ಬಾಯಿಗಿಟ್ಟರೆ ಉಪ್ಪು! ನಲ್ಲಿಯ ನೀರು ಅಲ್ಲಿ ಉಪ್ಪಂತೆ, ಕುಡಿಯುವ ಸಿಹಿನೀರು ಬೇರೆ ಕ್ಯಾನಿನಲ್ಲಿ ಬರುತ್ತದಂತೆ.

"ಹೇಳಬಾರದಿತ್ತಾ ನಿಮಗೆ?" ಎಂದು ರೇಗಿದೆ.

"ಇರ್ಲಿ ಟೀಚರ್ರೆ," ಎಂದ ಹಸನಬ್ಬ. "ಊರಿನವರ ಕೈಯ ಚಾಯ ಕುಡಿಯದೆ ಎಷ್ಟು ವರ್ಷ ಆಯ್ತು. ಉಪ್ಪಾದ್ರೆ ಎಂತ ಆಗ್ತದೆ."

ಆ ಮಾತಿಗೆ ನನ್ನ ಕೋಪ ಇಳಿದುಹೋಯಿತು. ಸಿಹಿನೀರಿನಲ್ಲಿ ಮತ್ತೊಮ್ಮೆ ಚಹಾ ಕಾಯಿಸಿ, ನೆಲಕ್ಕೆ ನೀರು ಕುಡಿಸುವ ಕಥೆ ಹೇಳು ಎಂದು ತಮ್ಮನನ್ನು ಕೂರಿಸಿದೆ.

ಕಥೆ ಇಷ್ಟು. ಮುಹರ್ರಕ್ಕಿನ ಒಂದು ಹಳೆಯ ಮನೆಯಲ್ಲಿ ಒಬ್ಬ ಅಜ್ಜಿ. ಉಮ್ ಜಾಸಿಂ, ಅಂದರೆ ಜಾಸಿಮನ ತಾಯಿ ಎಂದೇ ಎಲ್ಲರೂ ಕರೆಯುವುದು. ಆಕೆಗೆ ಮಂಡಿನೋವು. ಕೂರುವುದು, ಉಣ್ಣುವುದು, ನಮಾಜು, ಹರಟೆ ಎಲ್ಲವೂ ಹುಟ್ಟಿದಾರಭ್ಯ ನೆಲದ ಮೇಲೆಯೇ. ಆದರೆ ಚಳಿಗಾಲ ಬಂದರೆ ನೆಲದ ತಂಡಿ ಮಂಡಿಗೆ ಏರಿ ಏಳಲಾಗುವುದಿಲ್ಲ. ಮಗ ಜರ್ಮನಿಯ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿಯ ಔಷಧಿ ಅಜ್ಜಿಗೆ ನಾಟಲಿಲ್ಲ, ಅಲ್ಲಿಯ ನೆಲ ನಾಟಿತು. ನೆಲದಡಿಯಲ್ಲಿ ಬಿಸಿನೀರಿನ ಕೊಳವೆ ಹರಿಸಿ ಕೋಣೆಯನ್ನು ಬೆಚ್ಚಗಿಡುವ ಏರ್ಪಾಡು ಅದು. ತಿರುಗಿ ಬಂದವಳೇ, ನನ್ನ ಕೋಣೆಗೂ ಹಾಗೇ ಮಾಡಿಸು ಎಂದಳು.

"ನಮ್ಮ ಬಚ್ಚಲಲ್ಲಿ ಹಂಡೆ ಉಂಟಲ್ಲ ಅಕ್ಕ, ಹಾಗೆ. ಹೊರಗಿನ ಕೋಣೆಯಲ್ಲಿ ಬಾಯ್ಲರು. ಅಲ್ಲಿಂದ ಬಿಸಿನೀರು ಪೈಪಿನಲ್ಲಿ ಹೊರಟು, ನೆಲದ ಅಡಿಯಲ್ಲಿ ಇಡೀ ಕೋಣೆ ಸುತ್ತಿ, ಪುನಃ ಬಾಯ್ಲರಿಗೆ ಬರ್ತದೆ."

ಹೊಸ ಮನೆಗಾದರೆ ಸುಲಭವಂತೆ. ಹಳೆಯ ಮನೆಗೆ ಮಾಡಲು ಕಂಪನಿಯಲ್ಲಿ ಯಾರೂ ಮುಂದೆ ಬರಲಿಲ್ಲ. ಮುದೀರ್, ಅಂದರೆ ಅವರ ಮ್ಯಾನೇಜರು, ಹೊರದೇಶದಿಂದ ಜನ ತರಿಸುವುದೆಂದು ಹೊರಟಿದ್ದಾಗ ನನ್ನ ತಮ್ಮ ನಾನು ಮಾಡುತ್ತೇನೆ ಎಂದಿದ್ದಾನೆ. ಮಾಡು, ಆದರೆ ನೆಲ ಬಿಸಿಯಾಗದಿದ್ದರೆ ವೀಸಾ ಕ್ಯಾನ್ಸಲ್, ನೀನು ಊರಿಗೆ ಎಂದಿದ್ದಾನೆ ಮುದೀರ್.

ಏಪ್ರಿಲ್ ತಿಂಗಳ ಮಧ್ಯಾಹ್ನ ಮನೆಯೊಳಗೆ ತಣ್ಣಗಿನ ನೆಲ ಎಲ್ಲಿದೆಯೆಂದು ಹುಡುಕಿ, ಅಲ್ಲಿ ಬರೀ ಬೆನ್ನು ಚಾಚಿ ಮಲಗುವ ಊರಿನವರು ನಾವು. ನಮ್ಮವನೊಬ್ಬ ನೆಲ ಕಾಯಿಸಲು ಹೋಗಿ ಕೆಲಸ ಪಣಕ್ಕಿಟ್ಟಿದ್ದಾನೆಂದರೆ ಊರಲ್ಲಿ ಹೇಳುವುದು ಹೇಗೆ? ನಿನಗೆ ಬೇರೆ ಉಸಾಬರಿ ಇರಲಿಲ್ಲವಾ ಎಂದು ಬೈದೆ. ಅವನು ನಗುತ್ತಾ ಚಹಾ ಕುಡಿದ.

ಅಗೆದ ಕೋಣೆ

"ಗಾರೆ ಮುಚ್ಚಿದ ಮೇಲೆ ನನ್ನ ಕೆಲಸ ಯಾರಿಗೂ ಕಾಣುವುದಿಲ್ಲ. ಈಗಲೇ ನೋಡು ಬಾ," ಎಂದು ವಿಠಲ ಒಂದು ದಿನ ನನ್ನನ್ನು ಮುಹರ್ರಕ್ಕಿಗೆ ಕರೆದುಕೊಂಡು ಹೋದ.

ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕಾದಂಥ ಓಣಿ. ಕಡಲ ಹವಳದ ಕಲ್ಲಿಗೆ ಗಾರೆ ಮೆತ್ತಿದ ಗೋಡೆಗಳು. ಒಳಗೆ ಅಂಗಳ, ಅಂಗಳದ ಸುತ್ತ ಕೋಣೆಗಳು. ಅಜ್ಜಿಯ ಕೋಣೆಗೆ ಕೆತ್ತನೆಯ ದೊಡ್ಡ ತೇಗದ ಬಾಗಿಲು. ನೆಲದ ಮೇಲೆಯೇ ಪೈಪು ಹಾಕಿ ಗಾರೆ ಎಳೆದಿದ್ದರೆ ಕೆಲಸ ಸಲೀಸು. ಆದರೆ ನೆಲ ಎತ್ತರವಾಗಿ ಬಾಗಿಲಿನ ಕೆಳಗಿನ ಅಂಚನ್ನು ಕೊಯ್ಯಬೇಕಾಗುತ್ತಿತ್ತು. ಬಾಗಿಲಿಗೆ ಗರಗಸ ಮುಟ್ಟಿಸಿದರೆ ನಾನು ಹೊಸ್ತಿಲಲ್ಲೇ ಮಲಗುತ್ತೇನೆ ಎಂದಳಂತೆ ಅಜ್ಜಿ. ಹಾಗಾಗಿ ನೆಲವನ್ನೇ ಅಗೆದಿದ್ದರು. ಅಗೆದ ಕಡೆಯಲ್ಲೆಲ್ಲ ಕಡಲ ಮರಳು, ಚಿಪ್ಪು. ಪಡುಬಿದ್ರಿಯ ಕಡಲತೀರವನ್ನೇ ಯಾರೋ ತಂದು ಈ ಮನೆಯಡಿಗೆ ಸುರಿದಂತೆ ನನಗೆ ಕಂಡಿತು.

ಆ ಮರಳಿನ ಮೇಲೆ, ಶಾಖ ಕೆಳಗೆ ಇಳಿಯದಿರಲೆಂದು ಥರ್ಮೋಕೋಲಿನ ಹಲಗೆಗಳು. ಅದರ ಮೇಲೆ ಕಬ್ಬಿಣದ ಬಲೆ. ಬಲೆಗೆ ಕಟ್ಟಿದ ತಾಮ್ರದ ಕೊಳವೆ. ಈ ಗೋಡೆಯಿಂದ ಆ ಗೋಡೆಗೆ ಹೋಗಿ, ತಿರುಗಿ, ಮತ್ತೆ ಬಂದು, ಎಲ್ಲಿಯೂ ಒಂದನ್ನೊಂದು ಮುಟ್ಟದೆ ಕೋಣೆಯಿಡೀ ಹರಡಿತ್ತು. ಕೈಯೆತ್ತದೆ ಬರೆದ ರಂಗೋಲಿಯ ಹಾಗಿತ್ತು. ನೆಲದಡಿಯಲ್ಲಿ ಒಂದೂ ಜೋಡಣೆಯಿಲ್ಲ, ಹಾಗಾಗಿ ಸೋರುವ ಭಯವಿಲ್ಲ ಎಂದ ವಿಠಲ. ಲೆಕ್ಕದಲ್ಲಿ ಫೇಲಾಗುತ್ತಿದ್ದ ಹುಡುಗ ಇದನ್ನು ಬರೆದನೇ ಎಂದು ಇನ್ನೊಮ್ಮೆ ಬಗ್ಗಿ ನೋಡಿದೆ. ಚಂದ ಉಂಟು ಎಂದು ಬಾಯಿಬಿಟ್ಟು ಹೇಳಿದೆ.

ಅಷ್ಟರಲ್ಲಿ ಅಂಗಳದಾಚೆಯಿಂದ ಒಂದು ಧ್ವನಿ. "ಏ ಬಾಯೀ! ಇಧರ್ ಆವ್!"

ನಾನು ಬೆಚ್ಚಿಬಿದ್ದೆ. ಬೊಂಬಾಯಿ ಭೂಲೇಶ್ವರದ ತರಕಾರಿ ಮಾರುಕಟ್ಟೆಯಿಂದ ಎದ್ದು ಬಂದ ಹಿಂದಿ ಅದು! ಎದುರು ಕೋಣೆಯ ಬಾಗಿಲಲ್ಲಿ ಕಪ್ಪು ಬಟ್ಟೆ ಹೊದ್ದ ಅಜ್ಜಿಯೊಬ್ಬಳು ಕುರ್ಚಿಯ ಮೇಲೆ ಕೂತು ಇಲ್ಲಿ ಬಾ ಎಂದು ಕೈಯಾಡಿಸುತ್ತಿದ್ದಳು. ಉಮ್ ಜಾಸಿಂ. ಅವಳ ತಂದೆ ಮುತ್ತಿನ ವ್ಯಾಪಾರಿ. ಹುಡುಗಿಯಾಗಿದ್ದಾಗ ವರ್ಷಗಟ್ಟಲೆ ಬೊಂಬಾಯಿಯಲ್ಲಿ ಇದ್ದವಳಂತೆ. ನನ್ನ ಹಿಂದಿ ಕೇಳಿ ಅವಳು, ನೀನು ರೇಡಿಯೋದಲ್ಲಿ ಸುದ್ದಿ ಓದುವವಳಾ ಎಂದು ಕೇಳಿದಳು. ಅವಳ ಹಿಂದಿಗೆ ನಾನು ಪಾಸ್ ಮಾರ್ಕು ಕೊಡುತ್ತಿರಲಿಲ್ಲ. ಆದರೂ ಹತ್ತು ವರ್ಷದ ಪರಿಚಯದವರ ಹಾಗೆ ಮಾತಾಡಿದೆವು.

"ಮಕ್ಕಳೆಷ್ಟು?" ಎಂದು ಕೇಳಿದಳು.

"ಮದುವೆಯೇ ಆಗಲಿಲ್ಲ. ನಿನ್ನ ನೆಲ ಅಗೆಯುತ್ತಿದ್ದಾನಲ್ಲ, ಅವನನ್ನು ಸಾಕಿದೆ."

"ಹಾಗಾದರೆ ನಿನ್ನ ಮಗನೇ ಅಲ್ಲವಾ," ಎಂದು ಅಲ್ಲಿಗೇ ತೀರ್ಮಾನಿಸಿಬಿಟ್ಟಳು.

ಖರ್ಜೂರ ಬಂತು, ಏಲಕ್ಕಿಯ ಕಹಿ ಕಾಫಿ ಬಂತು. ಆಮೇಲೆ ಸೊಸೆ ಒಂದು ಧೂಪದ ಪಾತ್ರೆ ತಂದಳು. ಕೆಂಡದ ಮೇಲೆ ಪರಿಮಳದ ಮರದ ಚೂರು. ಎಣ್ಣೆನೀರಿನ ದಿನ ತಲೆಗೂದಲಿಗೆ ಸಾಂಬ್ರಾಣಿ ಹಿಡಿಯುವ ಅಭ್ಯಾಸ ನನಗೂ ಇತ್ತಲ್ಲ, ಮುಡಿ ಬಿಚ್ಚಿ ಚೆನ್ನಾಗಿ ಹೊಗೆ ತೆಗೆದುಕೊಂಡೆ. ಎಲ್ಲರಿಗೂ ಖುಷಿಯಾಯಿತು. ಮತ್ತೆ ಮುಡಿ ಕಟ್ಟಿ ಆರಾಮಾಗಿ ಗೋಡೆಗೆ ಒರಗಿ ಕೂತೆ. ಅವರು ಒಬ್ಬರ ಮುಖ ಒಬ್ಬರು ನೋಡಿದರು. ಮತ್ತೆ ಕಾಫಿ ಬಂತು, ಹಣ್ಣು ಬಂತು. ಇನ್ನೊಮ್ಮೆ ಧೂಪ ಬಂತು. ಎಂಥ ಆದರದ ಜನ ಎಂದುಕೊಂಡು ಇನ್ನೂ ಗಟ್ಟಿಯಾಗಿ ಕೂತೆ. ಕೊನೆಗೆ ಹೊರಗೆ ಹಸನಬ್ಬ ಹಾರ್ನು ಹೊಡೆದ ಮೇಲೆಯೇ ಎದ್ದದ್ದು.

ಗಾಡಿಯಲ್ಲಿ ನಡೆದದ್ದನ್ನು ಹೇಳಿದೆ. ಹಸನಬ್ಬ ಸ್ಟೇರಿಂಗು ಬಡಿದು ನಕ್ಕ.

"ಅಯ್ಯೋ ಟೀಚರ್ರೆ! ಧೂಪ ಬಂದ್ರೆ ಇನ್ನು ಎದ್ದು ಹೊರಡುದು ಅಂತ ಲೆಕ್ಕ ಇಲ್ಲಿ. ಬಂದವರಿಗೆ ಹೋಗಿ ಅಂತ ಬಾಯಲ್ಲಿ ಹೇಳ್ಲಿಕ್ಕೆ ಆಗುದಿಲ್ಲ ಅಲ್ವಾ? ಅದಕ್ಕೆ ಹೊಗೆ ತರುದು."

ನನಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು.

ಉತ್ತರದ ಗಾಳಿ

ಕೊಳವೆಯ ಮೇಲೆ ಗಾರೆ ಹಾಕಿದರು. ಗಾರೆ ಕಲಸಲು ನಲ್ಲಿಯ ಉಪ್ಪುನೀರು ಕೂಡದೆಂದು ವಿಠಲ ಸಿಹಿನೀರಿನ ಟ್ಯಾಂಕರನ್ನೇ ತರಿಸಿದ. ಮನೆಯಲ್ಲಿ ಮಾತ್ರ ಉಪ್ಪುನೀರಿನಲ್ಲಿ ಸ್ನಾನ ಮಾಡಿ ಮೈಯೆಲ್ಲ ತುರಿಸಿಕೊಳ್ಳುತ್ತಿದ್ದ. ಮೇಲೆ ಮೊಸಾಯಿಕ್ ಟೈಲ್ಸು ಕೂರಿಸಿ, ಎಲ್ಲ ಒಣಗಲೆಂದು ವಾರಗಟ್ಟಲೆ ಕಾದರು. ಆಮೇಲೆ ಹೆಂಗಸರು ಕೋಣೆಗೆ ಬಂದು ಸಾಮಾನು ಜೋಡಿಸಿಕೊಂಡರು. ಅವರು ಬಂದ ಗಳಿಗೆಯಿಂದ ಅದು ಹೆಂಗಸರ ಕೋಣೆ; ಹೊರಗಿನ ಗಂಡಸರು ಹೊಸ್ತಿಲು ದಾಟುವಂತಿಲ್ಲ. ವಿಠಲನ ಜಾಗ ಓಣಿಯ ಪಕ್ಕದ ಬಾಯ್ಲರ್ ಕೋಣೆಗೆ ಸೀಮಿತವಾಯಿತು.

ಜನವರಿಯಲ್ಲಿ ಉತ್ತರದ ಗಾಳಿ ಎದ್ದಿತು. ಹೂರಾದ ಫ್ಲ್ಯಾಟಿನ ಕಿಟಕಿಗಳು ಇಡೀ ದಿನ ಶಿಳ್ಳೆ ಹಾಕುತ್ತಿದ್ದವು. ವಿಠಲ ಬಾಯ್ಲರು ಹೊತ್ತಿಸಿ ದಿನಕ್ಕಿಷ್ಟೆಂದು ಬಿಸಿ ಏರಿಸಿದ. ಪೂರ್ತಿ ಏರಿಸಿದ ದಿನ ಸಂಜೆ ಮನೆಗೆ ಬಂದವನು ಊಟಕ್ಕೆ ಕೂರಲಿಲ್ಲ.

"ನೆಲ ಬೆಚ್ಚಗಾಗಲಿಲ್ಲವಂತೆ ಅಕ್ಕ. ಜಾಸಿಂ ಕೈಯಿಟ್ಟು ನೋಡಿದನಂತೆ. ತಣ್ಣಗೆ."

"ಬಾಯ್ಲರು?"

"ಬಾಯ್ಲರು ಸರಿ ಉಂಟು, ಪಂಪು ಸರಿ ಉಂಟು. ಹೋಗುವ ನೀರು ಬಿಸಿ. ತಿರುಗಿ ಬರುವ ನೀರೂ ಹೋದಷ್ಟೇ ಬಿಸಿ. ಅದೇ ನನಗೆ ಅರ್ಥ ಆಗುದಿಲ್ಲ. ನೆಲ ಶಾಖ ತಗೊಂಡಿದ್ರೆ ನೀರು ತಣಿದು ಬರಬೇಕಿತ್ತು."

ಮುದೀರ್ ಬಂದು ಬಾಯ್ಲರ್ ಕೋಣೆ ನೋಡಿ, ನೀನು ಒಳಗೆ ಎಲ್ಲೋ ಪೈಪು ತಪ್ಪು ಜೋಡಿಸಿದ್ದೀ, ನೀರು ಕೋಣೆ ಸುತ್ತದೆ ಅಡ್ಡದಾರಿಯಲ್ಲಿ ವಾಪಸು ಬರುತ್ತಿದೆ ಎಂದನಂತೆ. ಒಳಗೆ ಜೋಡಣೆಯೇ ಇಲ್ಲ ಎಂದರೆ ಕೇಳಲಿಲ್ಲ. ಶನಿವಾರ ನೆಲ ಒಡೆಸುವುದೆಂದು ಹೇಳಿ ಹೋದ. ಒಮ್ಮೆ ನಾನೇ ಒಳಗೆ ಹೋಗಿ ನೋಡಲೇ ಎಂದು ವಿಠಲ ಜಾಸಿಮನನ್ನು ಬೇಡಿದ. ಜಾಸಿಂ ಒಳ್ಳೆಯವನು, ಜೋರು ಮಾಡಲಿಲ್ಲ. ಅಮ್ಮ, ಅಕ್ಕತಂಗಿಯರು ಕೂರುವ ಜಾಗ, ಹೇಗೆ ಬಿಡಲಿ, ನಾನೇ ನೋಡಿದೆನಲ್ಲ ಎಂದನಂತೆ.

"ಒಡೆದ್ರೆ ಪೈಪು ಹೋಯ್ತು. ಆ ಬಾಗಿಲಿನ ಚೌಕಟ್ಟೂ ಅಲ್ಲಾಡ್ತದೆ. ಮತ್ತೆ ನಾನು ಊರಿಗೆ," ಎಂದ ವಿಠಲ. ಶಿಳ್ಳೆ ಹಾಕುತ್ತಿದ್ದ ಕಿಟಕಿಯ ಸಂದಿಗೆ ಬಟ್ಟೆ ತುರುಕುತ್ತಾ, "ಊರಿಗೆ ಬರ್ಲಿಕ್ಕೆ ಬೇಜಾರಿಲ್ಲ ಅಕ್ಕ. ಕೆಲಸ ಗೊತ್ತಿಲ್ಲದವ ಅಂತ ಹೇಳಿಸಿಕೊಂಡು ಬರ್ಲಿಕ್ಕೆ ಬೇಜಾರು," ಎಂದ.

ನನಗೆ ಮುದೀರನ ಮೇಲೆ, ಜರ್ಮನಿಯ ಮೇಲೆ, ಮಂಡಿನೋವಿನ ಮೇಲೆ ಎಲ್ಲದರ ಮೇಲೂ ಸಿಟ್ಟು ಬಂತು.

"ನಾಳೆ ಶುಕ್ರವಾರ ನಾನು ಹೋಗುತ್ತೇನೆ," ಎಂದೆ.

"ನೀನು ಹೋಗಿ ಎಂತ ಮಾಡ್ತಿ?"

"ಗೊತ್ತಿಲ್ಲ. ನಾನು ಹೆಂಗಸಲ್ಲವಾ, ಹೊಸ್ತಿಲಂತೂ ದಾಟಬಹುದು."

ಧೂಪದ ಪಕ್ಕ

ಶುಕ್ರವಾರದ ನಮಾಜು ಮುಗಿದ ಮೇಲೆ ಹೋದೆವು. ವಿಠಲ ಬಾಯ್ಲರ್ ಕೋಣೆಗೆ, ಹಸನಬ್ಬ ಗಾಡಿಯಲ್ಲಿ, ನಾನು ಒಳಗೆ.

ಮರಳು, ತಾಮ್ರ ನೋಡಿದ್ದ ಕೋಣೆ ಈಗ ಗುರುತೇ ಸಿಗಲಿಲ್ಲ. ಈ ಗೋಡೆಯಿಂದ ಆ ಗೋಡೆಗೆ ಕೆಂಪು ರತ್ನಗಂಬಳಿ, ಹೆಜ್ಜೆಯಿಟ್ಟರೆ ಪಾದ ಮುಳುಗುವಷ್ಟು ಮೆತ್ತಗೆ. ಸುತ್ತಲೂ ಒರಗುದಿಂಬುಗಳು. ಎಂಥ ವೈಭವ ಎಂದುಕೊಂಡೆ, ಅಷ್ಟೆ. ಅಜ್ಜಿ ಮಾತ್ರ ಕುರ್ಚಿಯ ಮೇಲೆ, ಕಾಲಿಗೆ ಕಂಬಳಿ ಸುತ್ತಿಕೊಂಡು, ಎಲ್ಲರಿಗಿಂತ ಎತ್ತರದಲ್ಲಿ ಒಬ್ಬಳೇ ಕೂತಿದ್ದಳು. ಕೆಳಗೆ ಕೂತ ಮೊಮ್ಮಕ್ಕಳ ಜತೆ ಬಗ್ಗಿ ಬಗ್ಗಿ ಮಾತಾಡುತ್ತಿದ್ದಳು. ನನ್ನನ್ನು ಕಂಡು ಕೈ ಹಿಡಿದುಕೊಂಡಳು.

"ನಿನ್ನ ಮಗ ಬಹಳ ದುಡಿದ. ನೆಲ ಮಾತು ಕೇಳಲಿಲ್ಲ. ಏನು ಮಾಡುವುದು?"

ದಾರಿಯುದ್ದಕ್ಕೂ ಒಳ್ಳೊಳ್ಳೆ ಹಿಂದಿ ಜೋಡಿಸಿಕೊಂಡು ಬಂದಿದ್ದೆ. ಇನ್ನು ಸ್ವಲ್ಪ ದಿನ ತಡೆಯಿರಿ, ಒಡೆಸಬೇಡಿ ಎಂದು ಕೇಳಬೇಕಿತ್ತು. ಆದರೆ ಸುತ್ತ ಅಷ್ಟು ಜನ ಹೆಂಗಸರು, ಕಾಫಿ, ನಗು, ಮಕ್ಕಳ ಗಲಾಟೆ. ಮಾತು ಬಾಯಿಯವರೆಗೆ ಬಂದು ನಿಲ್ಲುತ್ತಿತ್ತು. ಅಷ್ಟರಲ್ಲಿ ಸೊಸೆ ಧೂಪ ತಂದಳು. ರತ್ನಗಂಬಳಿಗೆ ಕಿಡಿ ಬೀಳಬಾರದೆಂದು ಬಾಗಿಲ ಬಳಿ ಕಂಬಳಿಯ ಒಂದು ಮೂಲೆಯನ್ನು ಹಿಂದಕ್ಕೆ ಮಡಚಿ, ಬರಿಯ ಟೈಲ್ಸಿನ ಮೇಲೆ ಪಾತ್ರೆಯನ್ನಿಟ್ಟು, ಒಬ್ಬೊಬ್ಬರನ್ನಾಗಿ ಕರೆದು ಹೊಗೆ ಹಿಡಿಸಿದಳು. ಬಂದಿದ್ದ ಬೇರೆ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಎದ್ದು ಹೋದರು.

ಈಗ ನನಗೆ ರೀತಿ ಗೊತ್ತಿತ್ತು. ನಾನೂ ಏಳಬೇಕು. ಎದ್ದರೆ ತಮ್ಮನ ಕಥೆ ಮುಗಿಯಿತು. ಏಳಲಿಲ್ಲ. ಸೊಸೆ ಪಾತ್ರೆಯನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು. ನಾನು ಚಾವಣಿ ನೋಡಿದೆ. ಇಷ್ಟು ದೊಡ್ಡವಳಾಗಿ, ಇಷ್ಟು ಮಕ್ಕಳಿಗೆ ಮರ್ಯಾದೆ ಕಲಿಸಿ, ಹೀಗೆ ನಾಚಿಕೆಗೆಟ್ಟು ಕೂರುವ ಕಾಲ ಬಂತಲ್ಲ ಎನಿಸಿತು. ಪೂರ್ತಿ ಕೂತಹಾಗೂ ಆಗಬಾರದು, ಹೋದಹಾಗೂ ಆಗಬಾರದು ಎಂದು ಎದ್ದು ಬಾಗಿಲ ಬಳಿ ಹೋದೆ. ಹೋಗಿ, ಆ ಮಡಚಿದ ಮೂಲೆಯಲ್ಲಿ, ಧೂಪದ ಪಕ್ಕ, ಬರಿ ಟೈಲ್ಸಿನ ಮೇಲೆ ಕೂತುಬಿಟ್ಟೆ.

ಬೆಚ್ಚಗಿತ್ತು.

ಕೆಂಡ ಪಕ್ಕದಲ್ಲೇ ಇದೆಯಲ್ಲ, ಬೆಚ್ಚಗಿರದೆ ಏನು ಎಂದುಕೊಂಡು ಸ್ವಲ್ಪ ಆಚೆ ಸರಿದೆ. ಅಲ್ಲಿಯೂ ಬೆಚ್ಚಗಿತ್ತು. ಕಂಬಳಿಯನ್ನು ಇನ್ನಷ್ಟು ಹಿಂದಕ್ಕೆ ಎಳೆದೆ. ಅಲ್ಲಿ ಇನ್ನೂ ಬಿಸಿ! ಆಗ ನೋಡುತ್ತೇನೆ, ಅದು ಒಂದು ಕಂಬಳಿಯಲ್ಲ. ಮೇಲೊಂದು, ಅದರ ಕೆಳಗೊಂದು, ಅದರ ಕೆಳಗೆ ಇನ್ನೊಂದು, ಎಲ್ಲಕ್ಕಿಂತ ಕೆಳಗೆ ದಪ್ಪ ಉಣ್ಣೆಯ ಹಾಸು. ಅದರಡಿಗೆ ಮೊಣಕೈವರೆಗೆ ಕೈ ತೂರಿಸಿದೆ. ಯಾರೋ ಈಗಷ್ಟೇ ಎದ್ದು ಹೋದ ಹಾಸಿಗೆಯಂಥ ಶಾಖ ಅಂಗೈಗೆ ತಾಗಿತು.

ನನ್ನ ಬಾಯಿಂದ ಹೊರಟದ್ದು ತುಳು. ಅಷ್ಟು ವರ್ಷದ ಹಿಂದಿ ಎಲ್ಲಿ ಹೋಯಿತೋ ಕಾಣೆ. ಅತಿಥಿಯಾಗಿ ಬಂದವಳು ಕಿರುಚುತ್ತಾ ಕಂಬಳಿ ಕಿತ್ತು ಎಸೆಯುತ್ತಿರುವುದನ್ನು ಕಂಡು ಸೊಸೆ ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡ ನೆನಪು ಈಗಲೂ ಇದೆ.

ಬರಿ ನೆಲ

ತಪ್ಪು ಯಾರದೆಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ನಮಗೆ ನೆಲವೆಂದರೆ ಕೂರುವ ಜಾಗ. ಹೆಚ್ಚೆಂದರೆ ಒಂದು ಚಾಪೆ. ಅಷ್ಟು ಕಷ್ಟಪಟ್ಟು ಬೆಚ್ಚಗೆ ಮಾಡಿದ ನೆಲಕ್ಕೆ ಯಾರಾದರೂ ಇಷ್ಟೊಂದು ಹೊದಿಸಬಹುದೆಂದು ವಿಠಲನಿಗೆ ಕನಸಿನಲ್ಲೂ ಹೊಳೆಯಲಿಲ್ಲ. ಅವರಿಗೆ ನೆಲವೆಂದರೆ ಕಂಬಳಿಯ ಕೆಳಗಿರುವುದು. ಕಂಬಳಿ ಹಾಸಿದೆವು ಎಂದು ಹೇಳಬೇಕೆಂದು ಅವರಿಗೂ ಹೊಳೆಯಲಿಲ್ಲ. ಜಾಸಿಂ ಕೈಯಿಟ್ಟು ನೋಡಿದ್ದೂ ಕಂಬಳಿಯ ಮೇಲೆಯೇ. ಧೂಪಕ್ಕೆಂದು ಮೂಲೆ ಮಡಚಿದಾಗ ಟೈಲ್ಸು ಬೆಚ್ಚಗಿದ್ದರೆ ಅದು ಕೆಂಡದ ಬಿಸಿ ಎಂದುಕೊಂಡಿದ್ದಾರೆ. ನೀರು ಪಾಪ ಬಿಸಿಯಾಗಿ ಹೋಗಿ, ಶಾಖ ಕೊಡಲು ಎಲ್ಲೂ ದಾರಿ ಸಿಗದೆ, ಬಿಸಿಯಾಗಿಯೇ ಮರಳುತ್ತಿತ್ತು.

ನನ್ನ ಹಿಂದಿ ಮರಳಿ ಬಂದ ಮೇಲೆ ಅಜ್ಜಿಗೆ ವಿವರಿಸಿದೆ. ಅವಳಿಗೆ ನಂಬಿಕೆ ಬಂತು, ಆದರೆ ಕಂಬಳಿ ತೆಗೆಸಲು ಮನಸ್ಸು ಬರಲಿಲ್ಲ. ಮೇಲಿನದು ಗಂಡ ಇರಾನಿನಿಂದ ಹಡಗಿನಲ್ಲಿ ತಂದದ್ದು, ಕೆಳಗಿನದು ಹಿರಿಮಗಳು ಕೊಟ್ಟದ್ದು.

"ಬಂದವರನ್ನು ಬರಿ ನೆಲದಲ್ಲಿ ಕೂರಿಸಲಾ? ಐಬ್! ನಾಚಿಕೆಗೇಡು!"

"ನಾನು ಬಂದವಳಲ್ಲವಾ? ಕೂತಿದ್ದೇನಲ್ಲ?" ಎಂದೆ. "ಎದ್ದೇಳು ಅಂದರೂ ಏಳುವವಳಲ್ಲ ನಾನು, ನಿನಗೇ ಗೊತ್ತು."

ಅಜ್ಜಿ ನಕ್ಕಳು. ಅರಬಿಯಲ್ಲಿ ಏನೋ ಕೂಗಿ ಹೇಳಿದಳು. ಸೊಸೆಯೂ ಮನೆಯ ಹೆಣ್ಣುಮಕ್ಕಳೂ ಸೇರಿ ಕಂಬಳಿಗಳನ್ನು ಸುರುಳಿ ಸುತ್ತಿ ಗೋಡೆಗೆ ಸರಿಸಿದರು. ನನ್ನ ತಮ್ಮನ ನೆಲ ಬಯಲಾಯಿತು. ಇಬ್ಬರು ಹಿಡಿದು ಅಜ್ಜಿಯನ್ನು ಕುರ್ಚಿಯಿಂದ ಇಳಿಸಿದರು. ಅವಳು ಹುಷಾರಾಗಿ ಕೂತು, ಒಂದು ಕಾಲು ಚಾಚಿ, ಇನ್ನೊಂದು ಕಾಲು ಚಾಚಿ, ಎರಡೂ ಅಂಗೈಗಳನ್ನು ನೆಲಕ್ಕೆ ಊರಿದಳು.

"ಆಸ್ಪತ್ರೆ ಇಲ್ಲದ ಜರ್ಮನಿ," ಎಂದಳು. ಮೊಮ್ಮಕ್ಕಳೆಲ್ಲ ಬಂದು ಅವಳ ಮೇಲೆ ಬಿದ್ದರು.

ಬರಿ ನೆಲದ ನಾಚಿಕೆಯನ್ನು ಅವಳೇ ಪರಿಹರಿಸಿಕೊಂಡಳು. ಅಟ್ಟದಿಂದ ಖರ್ಜೂರದ ಗರಿಯ ಹಳೆಯ ಚಾಪೆಗಳನ್ನು ತರಿಸಿದಳು, ಅವಳ ತಾಯಿಯ ಕಾಲದವು. ನಮ್ಮ ಓಲೆಚಾಪೆಯ ಹಾಗೆಯೇ ತೆಳ್ಳಗೆ. ಶಾಖ ಅದರೊಳಗಿಂದ ಸಲೀಸಾಗಿ ಮೇಲೆ ಬಂತು. ಸುದ್ದಿ ತಿಳಿದು ಬಂದ ಜಾಸಿಂ ನೆಲ ಮುಟ್ಟಿ, ಸುರುಳಿ ಸುತ್ತಿದ ಕಂಬಳಿಗಳನ್ನು ನೋಡಿ, ಹಣೆ ಚಚ್ಚಿಕೊಂಡ. "ಆಸ್ಪತ್ರೆಯಲ್ಲಿ ಕಂಬಳಿ ಇರಲಿಲ್ಲ!" ಎಂದು ತಾಯಿಗೆ ಹೇಳಿ, ಒಡೆಯುವವರನ್ನು ಕಳಿಸಬೇಡ ಎಂದು ಮುದೀರನಿಗೆ ಫೋನು ಮಾಡಲು ಹೋದ.

ನನಗೆ ಅಷ್ಟೇ ಸಾಕಿತ್ತು. ಅಜ್ಜಿಗೆ ಸಾಕಾಗಲಿಲ್ಲ. ಮಗ ತಿರುಗಿ ಬಂದಾಗ, "ಮಾಡಿದವನನ್ನು ಕರೆ," ಎಂದಳು.

ಜಾಸಿಂ ಅನುಮಾನಿಸಿದ. ಅಜ್ಜಿ ತಲೆಯ ಮೇಲಿನ ಕಪ್ಪು ಬಟ್ಟೆಯನ್ನು ಮುಖಕ್ಕೆ ಎಳೆದುಕೊಂಡಳು. ಸೊಸೆ, ಹೆಣ್ಣುಮಕ್ಕಳು ಎದ್ದು ಪಕ್ಕದ ಕೋಣೆಗೆ ಹೋದರು.

"ನಾನು ಮುಚ್ಚಿಕೊಂಡೆ. ಅವನು ನೋಡಬೇಕಾದದ್ದು ನೆಲವನ್ನು, ನನ್ನನ್ನಲ್ಲ. ಕರೆ," ಎಂದಳು. ನನಗೂ ತಿಳಿಯಲೆಂದು ಅದನ್ನು ಹಿಂದಿಯಲ್ಲೇ ಹೇಳಿದಳು.

ವಿಠಲ ಬಂದ. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ, ಪ್ಯಾಂಟಿಗೆ ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದ. ಬರಿಗಾಲನ್ನು ಟೈಲ್ಸಿನ ಮೇಲಿಟ್ಟವನು ನಿಂತುಬಿಟ್ಟ. ಆಮೇಲೆ ಮೆಲ್ಲಗೆ ನಡೆದ, ಗೋಡೆಯವರೆಗೆ ಹೋಗಿ, ತಿರುಗಿ, ಮತ್ತೆ ಬಂದು. ಕೆಳಗಿನ ಕೊಳವೆ ಹೋದ ದಾರಿಯಲ್ಲೇ ಅವನು ಹೋಗುತ್ತಿದ್ದಾನೆಂದು ನನಗೆ ತಿಳಿಯಿತು. ಕೋಣೆಯ ನಡುವೆ ಕುಕ್ಕರುಗಾಲಲ್ಲಿ ಕೂತು ಅಂಗೈಯನ್ನು ನೆಲಕ್ಕೆ ಒತ್ತಿದ.

"ಬೆಚ್ಚ ಉಂಡು, ಅಕ್ಕ," ಎಂದ ತುಳುವಿನಲ್ಲಿ. ಬೆಚ್ಚಗಿದೆ ಅಕ್ಕ.

"ಏನಂದ?" ಎಂದು ಕೇಳಿದಳು ಅಜ್ಜಿ. ಎರಡೇ ಮಾತು, ಮೂರನೆಯ ಕ್ಲಾಸಿನ ಮಗುವೂ ಹಿಂದಿಗೆ ತಿರುಗಿಸೀತು. ನನ್ನ ಬಾಯಿಂದ ಮತ್ತೆ ತುಳುವೇ ಹೊರಟಿತು. ಅಜ್ಜಿ ಕಾಯಲಿಲ್ಲ. "ಕೂರಲಿ," ಎಂದಳು. "ಸರಿಯಾಗಿ ಕೂರಲಿ."

ವಾರಗಟ್ಟಲೆ ಆ ಕೋಣೆಯಲ್ಲಿ ಮೊಣಕಾಲೂರಿ ದುಡಿದವನು ಅಂದು ಅಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಜಾಸಿಂ ತಾನೇ ಕಾಫಿ ಬಗ್ಗಿಸಿ ಕೊಟ್ಟ. ಬೊಂಬಾಯಿಯಲ್ಲಾಗಲಿ ಇಲ್ಲಾಗಲಿ ಎಷ್ಟೋ ಮನೆಗಳಿಗೆ ನೀರು ಹರಿಸಿದ ನನ್ನ ತಮ್ಮನನ್ನು ಅದುವರೆಗೆ ಯಾರೂ ಒಳಗೆ ಕರೆದು, ನೀನು ಮಾಡಿದ್ದನ್ನು ನೋಡು ಎಂದು ಕೂರಿಸಿರಲಿಲ್ಲ. ಅದಾದ ಮೇಲೂ ಅವನು ಬಹಳ ವರ್ಷ ಬಹರೈನಿನಲ್ಲಿ ದುಡಿದ, ಚೆನ್ನಾಗಿಯೇ ಇದ್ದ. ಆದರೆ ನನಗೆ ಆ ದೇಶವೆಂದರೆ ಆ ಒಂದು ಮಧ್ಯಾಹ್ನ. ಮುಖ ಮುಚ್ಚಿಕೊಂಡು ನನ್ನ ಹುಡುಗನಿಗೆ ಬಾಗಿಲು ತೆರೆದ ಆ ಅಜ್ಜಿಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಕಾಫಿ ಮುಗಿಯಿತು. ವಿಠಲ ಬಾಯ್ಲರು ನೋಡಲು ಎದ್ದು ಹೋದ. ಸೊಸೆ ಹೊಸ ಕೆಂಡ ಹಾಕಿ ಮತ್ತೆ ಧೂಪ ತಂದಳು. ಈ ಸಲವಾದರೂ ಮರ್ಯಾದಸ್ಥಳ ಹಾಗೆ ನಡೆದುಕೊಳ್ಳೋಣವೆಂದು ನಾನು ಹೊಗೆ ತೆಗೆದುಕೊಂಡವಳೇ ಸೀರೆ ಸರಿಪಡಿಸಿಕೊಂಡು ಎದ್ದು ನಿಂತೆ. ಹೊರಗೆ ಹಸನಬ್ಬನ ಹಾರ್ನೂ ಕೇಳಿಸಿತು.

ಕೆಳಗಿನಿಂದ ಅಜ್ಜಿ ನನ್ನ ಸೆರಗು ಹಿಡಿದೆಳೆದಳು.

"ಎಲ್ಲಿಗೆ ಹೊರಟೆ? ಹೊಗೆ ಹೊರಗಿನವರಿಗೆ. ನೀನು ಕೂತ್ಕೋ."

ಕೂತೆ. ನೆಲ ಬೆಚ್ಚಗಿತ್ತು.